ಕೈ ತೊಳೆಯುವ ಮೊದಲಿನ ಪರದೆ

ಮಂಗಳೂರಿನ ಏಪ್ರಿಲ್ ತಿಂಗಳಲ್ಲಿ ಫ್ಯಾನ್ ಆಫ್ ಮಾಡಿ, ಕಿಟಕಿ ಮುಚ್ಚಿ, ಮಾಸ್ಕ್ ಕಟ್ಟಿಕೊಳ್ಳಿ ಎಂದು ಜನರಿಗೆ ಹೇಳುವ ಸಾಫ್ಟ್‌ವೇರನ್ನು ವಿನ್ಯಾಸ ಮಾಡಿದವಳು ನಾನು. ಹೇಳಿದ ಮೇಲೆ ಅವರು ನಿಜವಾಗಿ ಹಾಗೆ ಮಾಡುತ್ತಾರೋ ಇಲ್ಲವೋ ಎಂದು ಪಕ್ಕದಲ್ಲಿ ಕುಳಿತು ನೋಡುವುದೂ ನನ್ನದೇ ಕೆಲಸವಾಗಿತ್ತು. ಆ ಬೇಸಿಗೆಯನ್ನು ನೆನೆದರೆ ಮೊದಲು ನೆನಪಾಗುವುದು ಬೆವರು. ಬೆನ್ನಿಗೆ ಅಂಟಿದ ಚೂಡಿದಾರ, ಮಾಸ್ಕಿನೊಳಗೆ ನನ್ನದೇ ಉಸಿರಿನ ಬಿಸಿ, ಬರೆದುಕೊಳ್ಳಲು ಹಿಡಿದ ಕಾಗದ ಒದ್ದೆಯಾಗಿ ಪೆನ್ನು ಓಡದಿರುವುದು.

ನಗರದ ಒಂದು ಖಾಸಗಿ ಆಸ್ಪತ್ರೆಯ ಕಿಡ್ನಿ ವಿಭಾಗದವರು ಮನೆಯಲ್ಲೇ ಡಯಾಲಿಸಿಸ್ ಮಾಡಿಕೊಳ್ಳುವ ರೋಗಿಗಳ ಮನೆಯವರಿಗೆ ತರಬೇತಿ ಕೊಡುತ್ತಿದ್ದರು. ಇದು ರಕ್ತವನ್ನು ಯಂತ್ರಕ್ಕೆ ಹರಿಸುವ ಡಯಾಲಿಸಿಸ್ ಅಲ್ಲ. ರೋಗಿಯ ಹೊಟ್ಟೆಗೆ ಒಂದು ಸಣ್ಣ ಟ್ಯೂಬ್ ಹಾಕಿ ಬಿಟ್ಟಿರುತ್ತಾರೆ. ಅದಕ್ಕೆ ಚೀಲವನ್ನು ಜೋಡಿಸಿ, ಹೊಟ್ಟೆಯಲ್ಲಿರುವ ಹಳೆಯ ದ್ರವವನ್ನು ಹೊರಗೆ ಹರಿಸಿ, ಹೊಸದನ್ನು ತುಂಬಬೇಕು. ದಿನಕ್ಕೆ ನಾಲ್ಕು ಸಲ, ಹಬ್ಬವಿರಲಿ ಹರಿದಿನವಿರಲಿ. ಎಲ್ಲ ಅಪಾಯವೂ ಆ ಜೋಡಿಸುವ ಕ್ಷಣದಲ್ಲಿದೆ. ಗಾಳಿಯ ದೂಳಾಗಲಿ ಕೈಯ ಕೊಳೆಯಾಗಲಿ ಹತ್ತಿದರೆ ಸೋಂಕು ನೇರ ಹೊಟ್ಟೆಗೆ ಹೋಗುತ್ತದೆ. ಹೊರಬಂದ ದ್ರವ ಶುದ್ಧವಾಗಿದೆಯೇ ಎಂದು ನೋಡುವ ಉಪಾಯ ಸರಳವಾದದ್ದು: ಚೀಲವನ್ನು ಹಳೆಯ ಪೇಪರಿನ ಮೇಲೆ ಇಟ್ಟರೆ ಕೆಳಗಿನ ಅಕ್ಷರ ಓದಲು ಬರಬೇಕು. ಬಾರದಿದ್ದರೆ ಆಸ್ಪತ್ರೆಗೆ ಓಡಬೇಕು.

ತರಬೇತಿಯಲ್ಲಿ ಕಲಿತದ್ದು ಮನೆಗೆ ಹೋದ ಮೇಲೆ ಮರೆತುಹೋಗುತ್ತದೆ ಎಂಬುದು ಆಸ್ಪತ್ರೆಯವರ ತಕರಾರು. ಕಲಿಸುವುದಕ್ಕೂ, ಮನೆಯಲ್ಲಿ ಜೊತೆಗಿದ್ದು ಒಂದೊಂದೇ ಹೆಜ್ಜೆ ಹೇಳುವುದಕ್ಕೂ, ಏನಾದರೂ ಎಡವಟ್ಟಾದರೆ ಹುಡುಕಿ ನೋಡುವುದಕ್ಕೂ ಒಂದು ಟ್ಯಾಬ್ಲೆಟ್ ಬೇಕು ಎಂದರು. ಕೊಡಿಯಾಲ್‌ಬೈಲಿನ ನಮ್ಮ ಸಣ್ಣ ಆಫೀಸಿನಲ್ಲಿ ಈ ಕೆಲಸಕ್ಕೆ ಇದ್ದವರು ನಾನು ಮತ್ತು ಒಬ್ಬ ಪ್ರೋಗ್ರಾಮರ್. ಪರದೆಯ ಮೇಲೆ ಏನಿರಬೇಕು ಎಂದು ನಾನು ತೀರ್ಮಾನಿಸುವುದು, ಆಗುವುದಿಲ್ಲ ಎಂದು ಅವನು ಹೇಳುವುದು, ಆಮೇಲೆ ಅವನೇ ಮಾಡಿಕೊಡುವುದು.

ಮೊದಲನೆಯ ಆವೃತ್ತಿ ಮೊದಲ ದಿನವೇ ಮಗುಚಿತು. ಪ್ರತಿ ಹೆಜ್ಜೆ ಮುಗಿದ ಮೇಲೆ ಪರದೆಯ ಮೇಲಿನ ‘ಮುಂದೆ’ ಗುಂಡಿ ಒತ್ತಬೇಕೆಂದು ಇಟ್ಟಿದ್ದೆ. ಕೈ ತೊಳೆದವರು ಟ್ಯಾಬ್ಲೆಟ್ ಮುಟ್ಟುವುದು ಹೇಗೆ? ಒಬ್ಬರು ಮೊಣಕೈಯಿಂದ ಒತ್ತಿದರು. ಇನ್ನೊಬ್ಬರು ಮೂಗಿನಿಂದ ಒತ್ತಲು ಹೋಗಿ, ಮಾಸ್ಕ್ ಅಡ್ಡ ಬಂದು, ಪರದೆ ಎರಡು ಹೆಜ್ಜೆ ಮುಂದೆ ಹಾರಿತು. ತರಬೇತಿ ಕೊಡುವ ನರ್ಸ್ ನನ್ನ ಮುಖ ನೋಡಿದರು. ಆಫೀಸಿಗೆ ಬಂದು, ಸಂಗೀತಗಾರರು ಪುಟ ತಿರುಗಿಸಲು ಬಳಸುವ ಕಾಲಿನ ಪೆಡಲ್ ಒಂದನ್ನು ತರಿಸಿದೆವು. ಪರದೆಯ ಮೇಲೆ ದೊಡ್ಡ ಚಿತ್ರ, ಕಿವಿಗೆ ನನ್ನ ಧ್ವನಿ, ಕಾಲಿನ ಕೆಳಗೆ ಪೆಡಲ್. ಒತ್ತಿದರೆ ಮುಂದಿನ ಹೆಜ್ಜೆ.

ಆ ಪೆಡಲನ್ನು ಎಲ್ಲರಿಗಿಂತ ಬೇಗ ಕೈವಶ ಮಾಡಿಕೊಂಡವರು ಕುದ್ರೋಳಿಯ ಒಬ್ಬ ಅಕ್ಕ. ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿದು ಬದುಕುವವರು. ಅವರ ತಮ್ಮ ಗಲ್ಫಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು, ಎರಡೂ ಕಿಡ್ನಿ ಕಳೆದುಕೊಂಡು ಊರಿಗೆ ಬಂದು ಅಕ್ಕನ ಮನೆಯಲ್ಲಿದ್ದರು. ಯಂತ್ರದ ಡಯಾಲಿಸಿಸ್ ಅವರಿಗೆ ಆಗಿಬರಲಿಲ್ಲ. ಎರಡು ಕೈಯ ರಕ್ತನಾಳಗಳೂ ಕೈಕೊಟ್ಟಿದ್ದವು, ಹೃದಯವೂ ಬಲವಾಗಿರಲಿಲ್ಲ. ಹೊಟ್ಟೆಯ ಟ್ಯೂಬ್ ಒಂದೇ ಉಳಿದ ದಾರಿ.

ಪೆಡಲಿನ ಮೇಲೆ ಕಾಲಿಟ್ಟವರೇ ಅಕ್ಕ ನಕ್ಕರು. “ಇದು ನನ್ನ ಮಿಷನ್ ಹಾಗೆಯೇ ಉಂಟಲ್ಲ ಮೇಡಂ. ಇದಕ್ಕೆ ಎಂತ ಕಲಿಯುದು?”

ಅವರದು ತುಳು, ನನ್ನ ಮನೆಮಾತು ಕೊಂಕಣಿ. ನನ್ನ ತುಳು ಮೀನಿನ ಅಂಗಡಿಗೆ ಸಾಕು, ಹೊಟ್ಟೆಯ ಟ್ಯೂಬಿಗೆ ಸಾಲದು. ಹಾಗಾಗಿ ನಮ್ಮಿಬ್ಬರ ಮಾತು ಕನ್ನಡದಲ್ಲೇ ನಡೆಯಿತು. ತರಬೇತಿ ಕೋಣೆಯಲ್ಲಿ ರಬ್ಬರಿನ ಹೊಟ್ಟೆ ಕಟ್ಟಿದ ಒಂದು ಗೊಂಬೆ ಇತ್ತು. ಅಕ್ಕ ಅದರ ಮೇಲೆ ಇಡೀ ಕ್ರಮವನ್ನು ಒಂದೂ ತಪ್ಪಿಲ್ಲದೆ ಮತ್ತೆ ಮತ್ತೆ ಮಾಡಿ ತೋರಿಸಿದರು. ನರ್ಸ್ ಖುಷಿಯಿಂದ ಸಹಿ ಹಾಕಿದರು. ನನಗೂ ಖುಷಿಯೇ. ಆಸ್ಪತ್ರೆಗೆ ಕೊಡುವ ವರದಿಯಲ್ಲಿ ಅಕ್ಕನ ವಿಷಯ ಮೊದಲು ಬರೆಯಬೇಕು ಎಂದು ಮನಸ್ಸಿನಲ್ಲೇ ವಾಕ್ಯ ಕಟ್ಟಿಕೊಂಡಿದ್ದೆ.

ಸ್ವಲ್ಪ ದಿನಗಳಲ್ಲೇ ತಮ್ಮನಿಗೆ ಹೊಟ್ಟೆನೋವು, ಚಳಿಜ್ವರ. ಚೀಲವನ್ನು ಪೇಪರಿನ ಮೇಲಿಟ್ಟರೆ ಅಕ್ಷರ ಕಾಣಲಿಲ್ಲ, ಅಕ್ಕಿ ತೊಳೆದ ನೀರಿನ ಹಾಗಿತ್ತು. ಅಕ್ಕ ಟ್ಯಾಬ್ಲೆಟಿನಲ್ಲಿ ಹುಡುಕಿದ್ದಾರೆ, ಪರದೆ ಹೇಳಿದ ಹಾಗೆ ಫೋಟೋ ತೆಗೆದು ಕಳಿಸಿದ್ದಾರೆ, ಆಟೋ ಹಿಡಿದು ಬಂದಿದ್ದಾರೆ. ಅಷ್ಟರಮಟ್ಟಿಗೆ ನಮ್ಮ ಸಾಮಾನು ಕೆಲಸ ಮಾಡಿತ್ತು. ಆದರೆ ಔಷಧಿಯಿಂದ ಸೋಂಕು ಇಳಿದು ಮನೆಗೆ ಹೋದವರು ಮತ್ತೆ ಅದೇ ತೊಂದರೆಯಿಂದ ಬಂದು ಸೇರಿದರು.

ಡಾಕ್ಟರು ಅಕ್ಕನನ್ನು ಕೂರಿಸಿ ನೇರವಾಗಿ ಹೇಳಿದರು. “ಇನ್ನೊಂದು ಸಲ ಬಂದ್ರೆ ಟ್ಯೂಬ್ ತೆಗಿಬೇಕಾಗ್ತದೆ. ತೆಗೆದ್ರೆ ನನ್ನ ಹತ್ರ ಬೇರೆ ದಾರಿ ಇಲ್ಲ. ಅರ್ಥ ಆಯ್ತಲ್ಲ?”

ಅಕ್ಕ ತಲೆಯಾಡಿಸಿದರು. ಹೊರಗೆ ಬಂದ ಮೇಲೆ ನರ್ಸ್ ಮೆತ್ತಗೆ, ಆದರೆ ಕೇಳುವ ಹಾಗೆ ಹೇಳಿದರು. “ಇಲ್ಲಿ ಎಲ್ಲ ಸರಿ ಮಾಡ್ತಾರೆ. ಮನೆಯಲ್ಲಿ ಕೈ ಸರಿ ತೊಳೆಯುದಿಲ್ಲ ಕಾಣ್ತದೆ.”

“ಸಿಸ್ಟರ್, ನೋಡಿ ಇಲ್ಲಿ,” ಎಂದು ಅಕ್ಕ ಎರಡೂ ಅಂಗೈ ಚಾಚಿದರು. ಬೆರಳ ಸಂದಿಯ ಚರ್ಮ ಬೆಳ್ಳಗೆ ಸುಲಿದಿತ್ತು. “ತೊಳೆದು ತೊಳೆದು ಸೂಜಿ ಹಿಡೀಲಿಕ್ಕೆ ಆಗುದಿಲ್ಲ ನನಗೆ. ಇನ್ನು ಎಷ್ಟು ತೊಳೆಯುದು?”

ನನಗೆ ನಾಚಿಕೆಯಾಯಿತು.

ಟ್ಯಾಬ್ಲೆಟ್ ದಾಖಲಿಸಿದ ವಿವರಗಳನ್ನು ತೆಗೆದು ನೋಡಿದೆವು. ಪ್ರತಿ ಹೆಜ್ಜೆಯೂ ಕ್ರಮವಾಗಿ ಆಗಿದೆ, ಕೈ ತೊಳೆಯುವುದಕ್ಕೆ ಬೇಕಾದಷ್ಟು ಸಮಯ ಹೋಗಿದೆ, ಒಂದೂ ಹೆಜ್ಜೆ ತಪ್ಪಿಲ್ಲ. ನಮ್ಮ ಲೆಕ್ಕದಲ್ಲಿ ಅಕ್ಕ ಎಲ್ಲರಿಗಿಂತ ಒಳ್ಳೆಯ ವಿದ್ಯಾರ್ಥಿ. ಪ್ರೋಗ್ರಾಮರ್ ಕುರ್ಚಿಗೆ ಒರಗಿ, “ನಮ್ಮ ಪ್ರಕಾರ ಅವರ ತಮ್ಮ ಹುಷಾರಿರಬೇಕು ಮಾರಾಯ್ರೆ,” ಎಂದ. ಅವನು ತಮಾಷೆಗೆ ಹೇಳಿದ್ದಲ್ಲ. ಟ್ಯಾಬ್ಲೆಟಿಗೆ ಗೊತ್ತಿದ್ದದ್ದು ಪೆಡಲ್ ಒತ್ತಿದ್ದು ಮಾತ್ರ. ಕಾಲು ಒತ್ತುವಾಗ ಕೈ ಏನು ಮಾಡುತ್ತಿತ್ತು ಎಂದು ಅದಕ್ಕೆ ಗೊತ್ತಿರಲಿಲ್ಲ.

ನಾನೇ ಹೋಗಿ ಕುಳಿತು ನೋಡಿದರೂ ಪ್ರಯೋಜನವಾಗಲಿಲ್ಲ. ಹೋದ ಕೂಡಲೇ ಅಕ್ಕ ಶರಬತ್ತು ಮಾಡುತ್ತಾರೆ, ನನ್ನನ್ನು ಒಳ್ಳೆಯ ಕುರ್ಚಿಯಲ್ಲಿ ಕೂರಿಸುತ್ತಾರೆ, ನನ್ನ ಕಣ್ಣಿಗೆ ಕಂಡಷ್ಟು ಆಸ್ಪತ್ರೆಯಲ್ಲಿ ಮಾಡಿದ ಹಾಗೆಯೇ ಅಚ್ಚುಕಟ್ಟಾಗಿ ಮಾಡುತ್ತಾರೆ. ನನ್ನ ಎದುರು ಅವರಿಗೆ ಅದು ಪರೀಕ್ಷೆಯೇ. ಕೊನೆಗೆ ಟ್ಯಾಬ್ಲೆಟಿನ ಕ್ಯಾಮೆರಾದಲ್ಲಿ ಕೆಲವು ದಿನ ಚಿತ್ರೀಕರಣ ಮಾಡಬಹುದೇ ಎಂದು ಕೇಳಿದೆ. ಕೇಳುವಾಗ ನನಗೇ ಮುಜುಗರ.

“ಹಾಕಿ ಮೇಡಂ ಕ್ಯಾಮೆರಾ,” ಎಂದರು ಅಕ್ಕ. “ನಾನು ಎಂತ ಕದ್ದಿದ್ದೇನಾ?” ಮಂಚದ ಮೇಲಿಂದಲೇ ತಮ್ಮನೂ ಒಪ್ಪಿಗೆಗೆ ತಲೆಯಾಡಿಸಿದರು.

ಮತ್ತೆ ಶುರುವಾಯಿತು ನೋಡುವ ಕೆಲಸ. ಇಂಥ ವಿಡಿಯೋ ನೋಡುವಷ್ಟು ದಣಿವಿನ ಕೆಲಸ ನಮ್ಮ ವೃತ್ತಿಯಲ್ಲಿ ಇನ್ನೊಂದಿಲ್ಲ. ಏನೂ ಆಗುವುದಿಲ್ಲ. ಒಬ್ಬರು ಫ್ಯಾನ್ ಆಫ್ ಮಾಡುತ್ತಾರೆ, ಮಾಸ್ಕ್ ಕಟ್ಟುತ್ತಾರೆ, ಕೈ ತೊಳೆಯುತ್ತಾರೆ, ಕೂರುತ್ತಾರೆ, ಜೋಡಿಸುತ್ತಾರೆ. ಆಮೇಲೆ ದ್ರವ ಹರಿಯುವುದನ್ನು ಕಾಯುತ್ತಾರೆ. ಹೊರಗೆ ಬಸ್ಸಿನ ಹಾರನ್. ನಾನು ಚೆಕ್‌ಲಿಸ್ಟಿನಲ್ಲಿ ಗುರುತು ಹಾಕುತ್ತಾ ಹೋದೆ. ಸರಿ, ಸರಿ, ಸರಿ. ಒಂದು ಮಧ್ಯಾಹ್ನ ತಲೆ ಸಿಡಿಯುತ್ತಿತ್ತು, ಕಣ್ಣು ಕೂರುತ್ತಿತ್ತು, ಬೇಗ ಮುಗಿಯಲಿ ಎಂದು ವೇಗವನ್ನು ದುಪ್ಪಟ್ಟು ಮಾಡಿದೆ.

ಆಗ ಕಂಡಿತು. ಓಡುವ ಚಿತ್ರದಲ್ಲಿ ಪ್ರತಿ ಸಲವೂ ಒಂದೇ ಜಾಗದಲ್ಲಿ ಕೈ ಛಕ್ಕನೆ ಮೇಲೆ ಹಾರಿ ಕೆಳಗೆ ಬರುತ್ತಿತ್ತು. ಹಿಂದೆ ಹೋಗಿ ನಿಧಾನವಾಗಿ ನೋಡಿದೆ. ಕೈ ತೊಳೆದು ಬಂದು ಕುಳಿತ ಅಕ್ಕ, ಟ್ಯೂಬಿನ ಮುಚ್ಚಳ ತೆರೆಯುವ ಮೊದಲು, ಬೆರಳ ತುದಿಯಿಂದ ಚೀಲವನ್ನು ಮುಟ್ಟಿ, ಮಾಸ್ಕಿನ ಮೇಲೆ ತೆರೆದಿದ್ದ ಎರಡು ಕಣ್ಣಿಗೂ ಒತ್ತಿಕೊಳ್ಳುತ್ತಿದ್ದರು. ಬೆವರಿದ ಕಣ್ಣುರೆಪ್ಪೆಗಳು. ಅದೇ ಬೆರಳುಗಳಿಂದ ಮುಚ್ಚಳ ತೆರೆಯುತ್ತಿದ್ದರು.

ಇಷ್ಟು ದಿನ ಅದು ನನ್ನ ಕಣ್ಣಿಗೆ ಬೀಳದೆ ಹೋದದ್ದು ಹೇಗೆ ಎಂದು ಯೋಚಿಸಿದೆ. ಉತ್ತರ ಸುಲಭವಿತ್ತು. ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆಯುವ ಮೊದಲು ನಾನೂ ಮಾಡುತ್ತೇನೆ. ಪ್ರೋಗ್ರಾಮರ್ ಬೈಕಿಗೆ ಮಾಡುತ್ತಾನೆ. ಇಲ್ಲಿ ಅಂಗಡಿಯ ಶಟರ್ ಎತ್ತಿದವರು, ಬಸ್ಸಿನ ಸ್ಟಿಯರಿಂಗ್ ಹಿಡಿದವರು ಎಲ್ಲರೂ ಮಾಡುತ್ತಾರೆ. ಅಕ್ಕ ಹೊಲಿಗೆ ಮಿಷನ್ನಿಗೆ ಹಾಗೆ ಮಾಡುವುದನ್ನು ನಾನು ಶರಬತ್ತು ಕುಡಿಯುತ್ತಾ ನೋಡಿದ್ದೆ. ಎಲ್ಲರೂ ಮಾಡುವುದು ಯಾರಿಗೂ ಕಾಣುವುದಿಲ್ಲ. ಆಸ್ಪತ್ರೆಯಲ್ಲಿ ಅವರು ಮಾಡಲಿಲ್ಲ, ಏಕೆಂದರೆ ಅಲ್ಲಿದ್ದದ್ದು ಗೊಂಬೆ. ರಬ್ಬರಿನ ಹೊಟ್ಟೆಗೆ ಯಾರು ಕೈ ಮುಗಿಯುತ್ತಾರೆ? ಮನೆಯಲ್ಲಿದ್ದದ್ದು ತಮ್ಮ.

ಸೋಂಕು ಇದರಿಂದಲೇ ಬಂತು ಎಂದು ಪ್ರಮಾಣ ಮಾಡಿ ಹೇಳಲು ಯಾರಿಗೂ ಸಾಧ್ಯವಿಲ್ಲ. ವಿಡಿಯೋ ನೋಡಿದ ನರ್ಸ್, “ಬೇರೆ ಎಂತದೂ ಕಾಣುದಿಲ್ಲ ನನಗೆ,” ಎಂದರು.

ನಾನು ಮಾಡಿದ ಮೊದಲ ಪರಿಹಾರ ಯಾರಿಗಾದರೂ ಹೊಳೆಯುವಂಥದ್ದು. ಕೈ ತೊಳೆದ ಮೇಲೆ ಕೆಂಪು ಬಣ್ಣದ ಒಂದು ಪರದೆ: ‘ಮುಖ, ಕಣ್ಣು ಮುಟ್ಟಬೇಡಿ.’ ಜೊತೆಗೆ ಎಚ್ಚರಿಕೆಯ ಸದ್ದು. ಹೊಸ ಆವೃತ್ತಿ ಹಾಕಿಕೊಟ್ಟು ವಿಡಿಯೋ ನೋಡಿದರೆ, ಅಕ್ಕ ಸದ್ದಿಗೆ ಬೆಚ್ಚಿಬಿದ್ದು, ಪರದೆ ಓದಿ, ಹೂಂ ಎಂದು ತಲೆಯಾಡಿಸಿ, ಚೀಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಮರುದಿನ ಹೋಗಿ ಕೇಳಿದೆ.

“ಮುಖವಾ? ನಾನು ಎಲ್ಲಿ ಮುಖ ಮುಟ್ಟಿದ್ದೇನೆ ಮೇಡಂ?”

ಸುಳ್ಳು ಹೇಳುವ ಜನ ಅಲ್ಲ ಅವರು. ಅವರ ಮಟ್ಟಿಗೆ ಅದು ಮುಖ ಮುಟ್ಟುವುದಾಗಿರಲಿಲ್ಲ. ಬೇರೆ ದಾರಿ ಕಾಣದೆ ವಿಡಿಯೋ ತೋರಿಸಿದೆ. ಅಕ್ಕ ಟ್ಯಾಬ್ಲೆಟನ್ನು ಹತ್ತಿರ ಹಿಡಿದು ನೋಡಿದರು. ಇನ್ನೊಮ್ಮೆ ತೋರಿಸಿ ಎಂದರು. ಅವರ ಮುಖ ಸಣ್ಣದಾಯಿತು.

“ಇದು ದೇವರಿಗೆ,” ಎಂದರು. ಟ್ಯಾಬ್ಲೆಟ್ ಕೆಳಗಿಟ್ಟು, “ಹಾಗಾದ್ರೆ ನಾನು ಕೈ ಮುಗಿದದ್ದಕ್ಕೆ ಇವನಿಗೆ ಹೀಗಾಯ್ತು ಅಂತ ಹೇಳುದಾ ನೀವು?”

ನಾನು ಏನೋ ಹೇಳಿದೆ. ಬೆರಳಿನ ಬೆವರು, ಕ್ರಿಮಿ, ತಪ್ಪು ನಿಮ್ಮದಲ್ಲ ಎಂದೆಲ್ಲ. ಹೇಳಿದ್ದು ಯಾವುದೂ ಅವರ ಕಿವಿಗೆ ಹೋಗಲಿಲ್ಲ. ಅವರ ತಮ್ಮನೋ ಗೋಡೆಯ ಕಡೆ ತಿರುಗಿ ಮಲಗಿದ್ದರು. ಸ್ಕೂಟರ್ ಸ್ಟಾರ್ಟ್ ಮಾಡುವಾಗ ನನಗೆ ಅಳು ಬಂತು. ಈ ಕೆಲಸ ಬಿಟ್ಟುಬಿಡೋಣ ಎಂದು ಅನಿಸಿದ್ದು ಆಗ.

ಅಂದಿನಿಂದ ಅಕ್ಕ ಕಣ್ಣಿಗೆ ಒತ್ತಿಕೊಳ್ಳುವುದನ್ನು ಬಿಟ್ಟರು. ಚೆಕ್‌ಲಿಸ್ಟಿನ ಪ್ರಕಾರ ಸಮಸ್ಯೆ ಮುಗಿಯಿತು. ಆದರೆ ವಿಡಿಯೋದಲ್ಲಿ ಕಂಡದ್ದು ಬೇರೆ. ಕೈ ತೊಳೆದು ಬಂದು ಕೂರುತ್ತಾರೆ. ಕೈ ಗಾಳಿಯಲ್ಲಿ ನಿಲ್ಲುತ್ತದೆ. ಶುರು ಮಾಡಲು ಆಗುವುದಿಲ್ಲ. ತಮ್ಮನನ್ನು ನೋಡುತ್ತಾರೆ, ಚೀಲ ನೋಡುತ್ತಾರೆ. ಒಮ್ಮೆ ಟ್ಯೂಬಿನ ಹರಿವು ತಡೆಯುವ ಕ್ಲಾಂಪ್ ಹಾಕುವುದನ್ನೇ ಮರೆತು ದ್ರವವೆಲ್ಲ ನೆಲಕ್ಕೆ ಚೆಲ್ಲಿತು. ಕಣ್ಣು ಮುಚ್ಚಿ ಹೊಲಿಯಬಲ್ಲ ಕೈ ಅದು. ಅಕ್ಕ ಫೋನ್ ಮಾಡಿದರು. “ನನ್ನಿಂದ ಆಗುದಿಲ್ಲ ಮೇಡಂ. ಬೇರೆ ಯಾರಿಗಾದ್ರೂ ಕಲಿಸಿ. ನಾನು ಮುಟ್ಟಿದ್ರೆ ಅವನಿಗೆ ಎಂತಾದ್ರೂ ಆಗ್ತದೆ ಅಂತ ಹೆದರಿಕೆ.” ಬೇರೆ ಯಾರೂ ಇರಲಿಲ್ಲ. ಅದು ನಮ್ಮಿಬ್ಬರಿಗೂ ಗೊತ್ತಿತ್ತು.

ಆಫೀಸಿನಲ್ಲಿ ಹೆಜ್ಜೆಗಳ ಪಟ್ಟಿಯನ್ನು ಗೋಡೆಗೆ ಅಂಟಿಸಿದ್ದೆವು, ಒಂದು ಚೀಟಿಗೆ ಒಂದು ಹೆಜ್ಜೆ. ಅದನ್ನೇ ನೋಡುತ್ತಾ ಕುಳಿತೆ. ಅವರಿಂದ ಏನನ್ನೋ ಕಿತ್ತುಕೊಂಡೆ, ಬದಲಿಗೆ ಏನೂ ಕೊಡಲಿಲ್ಲ. ಆ ಮುಟ್ಟುವಿಕೆಯೂ ಒಂದು ಹೆಜ್ಜೆಯೇ. ನಮ್ಮ ಪಟ್ಟಿಯಲ್ಲಿ ಅದಕ್ಕೆ ಜಾಗ ಇರಲಿಲ್ಲ, ಹಾಗಾಗಿ ಅದು ತನಗೆ ಸಿಕ್ಕಿದಲ್ಲಿ ನುಸುಳಿತ್ತು. ಒಂದು ಖಾಲಿ ಚೀಟಿ ತೆಗೆದು ‘ಕೈ ತೊಳೆಯಿರಿ’ ಎಂಬುದಕ್ಕಿಂತ ಮೊದಲು ಬರುವಂತೆ ಅಂಟಿಸಿದೆ. ಪ್ರೋಗ್ರಾಮರ್ ಬಂದು ನೋಡಿ, “ಅದರಲ್ಲಿ ಎಂತ ಬರಿಯುದು?” ಎಂದ. ಗೊತ್ತಿಲ್ಲ ಎಂದೆ.

ಕೈ ತೊಳೆಯುವ ಮೊದಲು ಅದಕ್ಕೊಂದು ಪರದೆ ಇಡಲು ಡಾಕ್ಟರು ಸುತರಾಂ ಒಪ್ಪಲಿಲ್ಲ. “ಇದು ಆಸ್ಪತ್ರೆಯ ಸಾಫ್ಟ್‌ವೇರ್ ಮೇಡಂ. ಪೂಜೆಗೆಲ್ಲ ಜಾಗ ಕೊಡ್ಲಿಕ್ಕೆ ಆಗುದಿಲ್ಲ. ನಾಳೆ ಒಬ್ಬರು ಬಂದು ನಮ್ಮದು ಯಾಕೆ ಇಲ್ಲ ಅಂತ ಕೇಳ್ತಾರೆ.”

ಪೂಜೆ ಅಲ್ಲ, ಚಿತ್ರ ಇಲ್ಲ, ದೇವರ ಹೆಸರಿಲ್ಲ, ಬರೀ ಒಂದು ವಿರಾಮ ಎಂದು ನಾನು ಹೇಳುತ್ತಲೇ ಇದ್ದೆ. ಅವರು ಗಡಿಯಾರ ನೋಡುತ್ತಿದ್ದರು. ಪಕ್ಕದಲ್ಲಿ ನಿಂತಿದ್ದ ನರ್ಸ್ ಬಾಯಿಬಿಟ್ಟರು.

“ಸರ್, ನೀವು ಆಪರೇಷನ್ ಥಿಯೇಟರಿಗೆ ಹೋಗುವಾಗ ಎಂತ ಮಾಡುದು ಅಂತ ನಾನು ಎಷ್ಟೋ ವರ್ಷದಿಂದ ನೋಡ್ತಾ ಇದ್ದೇನೆ.”

ಡಾಕ್ಟರು ಅವರತ್ತ ತಿರುಗಿದರು.

“ಬಾಗಿಲಿನ ಚೌಕಟ್ಟು ಮುಟ್ಟಿ ಕಣ್ಣಿಗೆ ಒತ್ತಿಕೊಳ್ತೀರಿ. ಆಮೇಲೆ ಕೈ ತೊಳೀಲಿಕ್ಕೆ ಹೋಗ್ತೀರಿ. ನಾನು ಶಿಲುಬೆಯ ಗುರುತು ಮಾಡಿಯೇ ಗ್ಲೌಸ್ ಹಾಕುದು. ನಮಗೆ ಯಾರೂ ಕಲಿಸಿದ್ದಲ್ಲ, ಆದರೆ ತೊಳೆಯುವ ಮೊದಲೇ ಮಾಡ್ತೇವೆ. ಅಕ್ಕನಿಗೆ ಆ ಜಾಗ ಎಲ್ಲಿ ಅಂತ ಗೊತ್ತಿಲ್ಲ, ಅಷ್ಟೇ.”

ಡಾಕ್ಟರು ಸ್ವಲ್ಪ ಹೊತ್ತು ಮೇಜಿನ ಮೇಲಿನ ಪೆನ್ನನ್ನು ತಿರುಗಿಸಿದರು. ನಕ್ಕರೋ ಇಲ್ಲವೋ ಗೊತ್ತಾಗಲಿಲ್ಲ. “ಬರವಣಿಗೆ ನನಗೆ ತೋರಿಸಿ ಹಾಕಿ,” ಎಂದು ಎದ್ದರು.

ಆ ಒಂದು ಸಾಲಿಗೆ ನಾನು ಪಟ್ಟ ಕಷ್ಟ ಇಡೀ ಟ್ಯಾಬ್ಲೆಟಿಗೆ ಪಟ್ಟಿರಲಿಲ್ಲ. ‘ಪ್ರಾರ್ಥಿಸಿ’ ಎಂದು ಬರೆದರೆ ಆಜ್ಞೆಯಾಗುತ್ತದೆ. ‘ಮನಸ್ಸನ್ನು ಶಾಂತಗೊಳಿಸಿ’ ಎಂದರೆ ಯೋಗದ ತರಗತಿಯಾಗುತ್ತದೆ. ಬರೆದು ಹೊಡೆದು, ಬರೆದು ಹೊಡೆದು, ಕೊನೆಗೆ ಉಳಿದದ್ದು ಹೀಗಿತ್ತು: ‘ಕೆಲಸ ಶುರು ಮಾಡುವ ಮೊದಲು ನಿಮ್ಮ ರೂಢಿ ಏನಿದೆಯೋ ಅದನ್ನು ಈಗ ಮುಗಿಸಿ. ಇನ್ನು ಕೈ ತೊಳೆಯೋಣ.’ ಹಿನ್ನೆಲೆ ಬಿಳಿ, ಚಿತ್ರವಿಲ್ಲ, ಸದ್ದಿಲ್ಲ. ಪೆಡಲ್ ಒತ್ತುವವರೆಗೆ ಪರದೆ ಕಾಯುತ್ತದೆ. ಕೆಂಪು ಪರದೆಯನ್ನು ತೆಗೆದುಹಾಕಿದೆವು. ಬೇರೆ ಮನೆಗಳಲ್ಲೂ ಇದನ್ನೇ ಪರೀಕ್ಷಿಸಿದಾಗ ಬಂದರಿನ ಒಬ್ಬ ಬ್ಯಾರಿ ತಾಯಿ ಅಲ್ಲಿ ನಿಂತು ಬಿಸ್ಮಿಲ್ಲಾ ಹೇಳಿದರು. ಇನ್ನೊಬ್ಬರು ಏನೂ ಮಾಡದೆ, ಮೂಗು ಒರೆಸಿಕೊಂಡು ಮುಂದೆ ಹೋದರು. ಅದೂ ಒಳ್ಳೆಯದೇ ಆಯಿತು.

ಕುದ್ರೋಳಿಗೆ ಹೋದ ದಿನ ಸೆಕೆ ಉಸಿರು ಕಟ್ಟಿಸುವಷ್ಟಿತ್ತು. ಅಕ್ಕ ಶರಬತ್ತು ಕೊಡಲಿಲ್ಲ, ನಗಲಿಲ್ಲ. ಹೊಸದಾಗಿ ಏನು ತಂದಿದ್ದೀರಿ ಎಂದೂ ಕೇಳಲಿಲ್ಲ. ಫ್ಯಾನ್ ಆಫ್ ಮಾಡಿದರು, ಮಾಸ್ಕ್ ಕಟ್ಟಿದರು, ಚೀಲವನ್ನು ಎದುರಿಗೆ ಇಟ್ಟರು. ಬಿಳಿ ಪರದೆ ಬಂತು. ನನ್ನ ಧ್ವನಿ ಆ ಸಾಲನ್ನು ಓದಿ ನಿಂತಿತು.

“ಮತ್ತೆ? ಇದು ಎಂತಕ್ಕೆ ನಿಂತದ್ದು?”

“ನಿಮಗೆ ಕಾಯ್ತಾ ಉಂಟು ಅಕ್ಕ,” ಎಂದೆ.

ಅವರು ನನ್ನನ್ನು ನೋಡಿದರು. ಆಮೇಲೆ ಪರದೆಯನ್ನು ಇನ್ನೊಮ್ಮೆ ತಾವೇ ಓದಿಕೊಂಡರು. ಚೀಲವನ್ನು ಮುಟ್ಟಿ ಎರಡು ಕಣ್ಣಿಗೂ ಒತ್ತಿಕೊಂಡರು. ಹಾಗೆ ಒತ್ತಿದ ಬೆರಳನ್ನು ಬೇಗ ತೆಗೆಯಲಿಲ್ಲ. ಪರದೆ ಕಾದಿತು. ಅವರು ಪೆಡಲ್ ಒತ್ತಿ, ಎದ್ದು ಹೋಗಿ ಕೈ ತೊಳೆದು ಬಂದರು.

ಬಂದು ಕುಳಿತ ಮೇಲೆ, ಮುಚ್ಚಳ ತೆರೆಯುವ ಮೊದಲು, ಬೆರಳು ಮತ್ತೆ ಚೀಲದ ಕಡೆ ಹೋಯಿತು. ಎಷ್ಟೋ ವರ್ಷದ ರೂಢಿ ಒಂದು ಪರದೆಗೆ ಬಗ್ಗುತ್ತದೆಯೇ? ಮಾತಾಡಬಾರದು ಎಂಬುದು ನಮ್ಮ ವೃತ್ತಿಯ ನಿಯಮ, ನೋಡುವವರು ನೋಡಬೇಕು ಅಷ್ಟೇ. ನಾನು ತುಟಿ ಕಚ್ಚಿ ಕುಳಿತೆ.

ಮಂಚದ ಮೇಲಿಂದ ತಮ್ಮ ಮೆಲ್ಲನೆ ತುಳುವಿನಲ್ಲಿ ಹೇಳಿದರು. “ಅಕ್ಕ, ಆಂಡತ್ತಾ.” ಆಗಲೇ ಆಯ್ತಲ್ಲ, ಎಂದು.

ಕೈ ಅರ್ಧದಲ್ಲೇ ನಿಂತಿತು. “ಹೌದಲ್ಲ,” ಎಂದರು ಅಕ್ಕ. ಮುಚ್ಚಳ ತೆರೆದು ಜೋಡಿಸಿದರು. ಕ್ಲಾಂಪ್ ಹಾಕುವುದನ್ನೂ ಮರೆಯಲಿಲ್ಲ.

ಆಮೇಲೆ ಸೋಂಕು ಬರಲೇ ಇಲ್ಲ ಎಂದು ಬರೆದು ಮುಗಿಸಿಬಿಡುವಷ್ಟು ಧೈರ್ಯ ನನಗಿಲ್ಲ. ಇಂದಿನವರೆಗೆ ಬಂದಿಲ್ಲ ಎಂದಷ್ಟೇ ಹೇಳಬಲ್ಲೆ. ನಾವು ಟ್ಯಾಬ್ಲೆಟನ್ನು ಆಸ್ಪತ್ರೆಗೆ ಒಪ್ಪಿಸಿ, ಗೋಡೆಯ ಚೀಟಿಗಳನ್ನು ಕಿತ್ತು, ಬೇರೆ ಕೆಲಸ ಹಿಡಿದು ಬಹಳ ಕಾಲವಾಯಿತು. ಚೀಲದ ಫೋಟೋ ನರ್ಸಿಗೆ ಹೋದರೆ ಸಾಕು. ಆದರೂ ಅಕ್ಕ ಬೆಳಗಿನ ಫೋಟೋವನ್ನು ನನಗೂ ಕಳಿಸುತ್ತಾರೆ, ಮಾತಿಲ್ಲ ಕತೆಯಿಲ್ಲ, ಬರೀ ಫೋಟೋ. ಬೇಡ ಎಂದು ನಾನು ಹೇಳಿಲ್ಲ.

ಇವತ್ತೂ ಬಂದಿತ್ತು. ಆಫೀಸಿನ ಮೆಟ್ಟಿಲ ಮೇಲೆ ನಿಂತು ತೆರೆದೆ. ಹಳೆಯ ಪೇಪರಿನ ಜಾಹೀರಾತಿನ ಪುಟ, ಅದರ ಮೇಲೆ ಚೀಲ. ಕುದ್ರೋಳಿ ಪರಿಸರದಲ್ಲಿ ಎರಡು ಕೋಣೆಯ ಮನೆ ಬಾಡಿಗೆಗೆ ಇದೆಯಂತೆ. ಫೋಟೋ ಹಿಗ್ಗಿಸಿ ಅದರ ಕೆಳಗಿನ ಸಣ್ಣ ಅಕ್ಷರಗಳನ್ನೂ ಓದಿದೆ. ಬಾವಿ ನೀರು ಇದೆ, ಸಣ್ಣ ಕುಟುಂಬದವರು ಸಂಪರ್ಕಿಸಿ. ಎಲ್ಲ ಓದಲು ಬಂತು.